ಒಂದೇ ಮನೆ, ಒಂದೇ ಶುಗರ್: ಅಣ್ಣನಿಗೆ ಕಾಲು, ತಮ್ಮನಿಗೆ ಕಣ್ಣು ಯಾಕೆ?

ಪ್ರಶ್ನೆ: ನನಗೆ 47 ವರ್ಷ. ಮೂಡಿಗೆರೆ ಕಡೆ ಖಾಸಗಿ ಬಸ್ಸಿನ ಡ್ರೈವರ್. ಒಂಬತ್ತು ವರ್ಷದಿಂದ ಶುಗರ್ ಇದೆ. ನಮ್ಮ ಅಣ್ಣನಿಗೆ 52, ಕಾಫಿ ತೋಟದಲ್ಲಿ ಮೇಸ್ತ್ರಿ. ಅವರಿಗೆ ಶುಗರ್ ಬಂದು ಹತ್ತು ವರ್ಷ. ಇಬ್ಬರದ್ದೂ ಒಂದೇ ಮನೆ, ಒಂದೇ ಅಡುಗೆ. ಅವರು ದಿನವಿಡೀ ನಡೆಯುತ್ತಾರೆ, ನಾನು ದಿನವಿಡೀ ಕೂತಿರುತ್ತೇನೆ. ಆದರೂ ಅವರ ಅಂಗಾಲಿಗೆ ಗಾಯವಾಗಿ ಎರಡು ತಿಂಗಳಾದರೂ ಮಾಯುತ್ತಿಲ್ಲ. ನನ್ನ ಕಾಲು ಚೆನ್ನಾಗಿದೆ. ಆದರೆ ಲೈಸೆನ್ಸ್ ರಿನ್ಯೂ ಮಾಡಿಸಲು ಕಣ್ಣು ತೋರಿಸಿದಾಗ, ಕಣ್ಣಿನ ಪರದೆಯಲ್ಲಿ ಶುಗರ್ ತೊಂದರೆ ಶುರುವಾಗಿದೆ, ಇನ್ನೂ ಮೊದಲ ಹಂತ ಎಂದು ಡಾಕ್ಟರ್ ಹೇಳಿದರು. ಮಾಡುವ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆಯಾ? ನಾನು ಡ್ರೈವಿಂಗ್ ಬಿಡಬೇಕಾ?

ಉತ್ತರ: ಮೊದಲು ಅಣ್ಣನ ಗಾಯದ ವಿಷಯ ಮುಗಿಸಿಬಿಡೋಣ. ಅದು ಕಾಯುವಂಥದ್ದಲ್ಲ. ಶುಗರ್ ಇರುವವರ ಅಂಗಾಲಿನ ಗಾಯವನ್ನು ಆದ ದಿನವೇ ತೋರಿಸಬೇಕು, ಎರಡು ತಿಂಗಳು ಅಂದರೆ ಈಗಾಗಲೇ ತಡ. ಸುತ್ತ ಕೆಂಪು ಹರಡುತ್ತಿದ್ದರೆ, ವಾಸನೆ ಬರುತ್ತಿದ್ದರೆ, ಬೆರಳು ಕಪ್ಪಗಾಗಿದ್ದರೆ, ಚಳಿಜ್ವರ ಇದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಇವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದ್ಯಾವುದೂ ಇಲ್ಲದಿದ್ದರೂ ನಾಳೆ ನಾಡಿದ್ದು ಅನ್ನದೆ ಹೊರಡಿ. ಸೋಂಕು ಮೂಳೆಯವರೆಗೆ ಹೋಗಿದೆಯೇ, ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಎಂದು ನೋಡಬೇಕು. ಗಾಯಕ್ಕೆ ಕಾಫಿಪುಡಿ, ಅರಿಶಿನ ತುಂಬುವುದು, ಬಿಸಿನೀರಲ್ಲಿ ಕಾಲಿಡುವುದು ಎಲ್ಲ ಇವತ್ತಿಗೇ ಬಂದ್.

ಆ ಗಾಯ ಯಾಕೆ ಮಾಯುತ್ತಿಲ್ಲ ಅಂತ ನಾನು ಇಲ್ಲಿಂದಲೇ ಅರ್ಧ ಊಹಿಸಬಲ್ಲೆ. ಅವರು ಅದರ ಮೇಲೇ ನಡೆಯುತ್ತಿದ್ದಾರೆ. ಬ್ಯಾಂಡೇಜ್ ಕಟ್ಟಿಸಿಕೊಂಡು, ಮೇಲೆ ಗಮ್‌ಬೂಟ್ ಹಾಕಿಕೊಂಡು ತೋಟ ಸುತ್ತುತ್ತಿರುತ್ತಾರೆ. ಹೌದಲ್ವಾ? ನೋವಿದ್ದವನು ಕುಂಟುತ್ತಾನೆ, ಕುಂಟಿದರೆ ಗಾಯದ ಮೇಲೆ ಭಾರ ಬೀಳುವುದಿಲ್ಲ, ಆಗ ಅದು ಮಾಯುತ್ತದೆ. ನಿಮ್ಮ ಅಣ್ಣನಿಗೆ ಶುಗರ್‌ನಿಂದ ಕಾಲು ಮರಗಟ್ಟಿ ನೋವಿಲ್ಲ, ಹಾಗಾಗಿ ಕುಂಟುವುದಿಲ್ಲ. ಎಷ್ಟೇ ಒಳ್ಳೆಯ ಔಷಧಿ ಹಚ್ಚಿದರೂ ದಿನಕ್ಕೆ ಸಾವಿರಾರು ಸಲ ದೇಹದ ಭಾರವೆಲ್ಲ ಅದೇ ಜಾಗದ ಮೇಲೆ ಬಿದ್ದರೆ ಮಾಂಸ ಕೂಡಿಕೊಳ್ಳುವುದು ಹೇಗೆ?

ಈಗ ನಿಮ್ಮ ಪ್ರಶ್ನೆ. ಕೆಲಸಕ್ಕೂ ತೊಂದರೆಗೂ ಸಂಬಂಧ ಇದೆ. ಆದರೆ ಡ್ರೈವರ್ ಆದವನಿಗೆ ಕಣ್ಣು, ತೋಟದವನಿಗೆ ಕಾಲು ಅನ್ನುವ ಲೆಕ್ಕ ಸರಿಯಲ್ಲ. ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ. ಅಣ್ಣನ ಕಣ್ಣನ್ನು ಯಾರಾದರೂ ನೋಡಿದ್ದಾರಾ? ಹನಿ ಹಾಕಿ, ಪಾಪೆ ದೊಡ್ಡದು ಮಾಡಿ, ಒಳಗಿನ ಪರದೆ ನೋಡುವ ಪರೀಕ್ಷೆ? ನಿಮ್ಮ ಕಾಲಿಗೆ ಸ್ಪರ್ಶ ಎಷ್ಟಿದೆ ಎಂದು ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಎರಡಕ್ಕೂ ಇಲ್ಲ ಅನ್ನುವ ಉತ್ತರವೇ ಬರುತ್ತದೆ ಅಂದುಕೊಂಡಿದ್ದೇನೆ. ಲೈಸೆನ್ಸಿಗೆ ಕಣ್ಣು ಬೇಕಿತ್ತು, ಅದಕ್ಕೆ ನಿಮ್ಮ ಕಣ್ಣಿನ ತೊಂದರೆ ಸಿಕ್ಕಿತು. ತೋಟದಲ್ಲಿ ಕಾಲಿಗೆ ಗಾಯವಾಯಿತು, ಅದಕ್ಕೆ ಅವರ ಕಾಲಿನ ತೊಂದರೆ ಸಿಕ್ಕಿತು. ನಿಮ್ಮಿಬ್ಬರಿಗೂ ಎರಡೂ ಇರಬಹುದು. ಯಾವುದು ಮೊದಲು ಕಣ್ಣಿಗೆ ಬೀಳುತ್ತದೆ, ಯಾವುದು ವರ್ಷಗಟ್ಟಲೆ ಅಡಗಿರುತ್ತದೆ ಅನ್ನುವುದನ್ನು ಬಹಳ ಸಲ ಕೆಲಸ ನಿರ್ಧರಿಸುತ್ತದೆ.

ಒಳಗೆ ನಡೆಯುವುದು ಇಬ್ಬರಿಗೂ ಒಂದೇ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಅಂಥವು ತುಂಬಿರುವುದು ಕಣ್ಣಿನ ಪರದೆಯಲ್ಲಿ, ಕಿಡ್ನಿಯಲ್ಲಿ. ನರಗಳಿಗೂ ಅದೇ ಪೆಟ್ಟು. ಬೆನ್ನಿಂದ ಪಾದದವರೆಗೆ ಹೋಗುವ ನರಗಳು ಎಲ್ಲಕ್ಕಿಂತ ಉದ್ದ, ಹಾಗಾಗಿ ಮೊದಲು ಮರಗಟ್ಟುವುದು ಕಾಲ್ಬೆರಳು. ಬಿಪಿ ಮತ್ತು ಬೀಡಿ ಸಿಗರೇಟು ಇದಕ್ಕೆ ತುಪ್ಪ ಸುರಿಯುತ್ತವೆ. ಬ್ರಿಟನ್‌ನಲ್ಲಿ 1977ರಲ್ಲಿ ಶುರುವಾಗಿ 1997ರಲ್ಲಿ ಮುಗಿದ ಒಂದು ದೊಡ್ಡ ಅಧ್ಯಯನವಿದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂದು ಅಂಕ ಕಡಿಮೆ ಇದ್ದವರಲ್ಲಿ ಈ ಸಣ್ಣ ನಾಳಗಳ ತೊಂದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕಡಿಮೆ ಇತ್ತು. ಒಂಬತ್ತರಿಂದ ಎಂಟಕ್ಕೆ ಇಳಿದರೂ ಲಾಭವೇ. ಏಳಕ್ಕೆ ಬರಲಿಲ್ಲ ಅಂತ ಕೈಚೆಲ್ಲುವವರಿಗೆ ನಾನು ಇದನ್ನೇ ಹೇಳುವುದು.

ಕೆಲಸ ಇಲ್ಲಿ ಪಕ್ಕದ ಬಾಗಿಲಿಂದ ಬರುತ್ತದೆ. ಯಾವಾಗ ಊಟ, ಎಷ್ಟು ನಿದ್ದೆ, ಯಾವ ಮಾತ್ರೆ ನುಂಗಿದರೆ ಕೆಲಸಕ್ಕೆ ತೊಂದರೆ, ಆಸ್ಪತ್ರೆಗೆ ಬಂದರೆ ಎಷ್ಟು ದಿನದ ಕೂಲಿ ಹೋಯಿತು, ಇವೆಲ್ಲ ಕೆಲಸದ ಕೈಯಲ್ಲಿವೆ. ಸ್ವೀಡನ್‌ನಲ್ಲಿ ಇಡೀ ದೇಶದ ದುಡಿಯುವ ಜನರ ಲೆಕ್ಕ ತೆಗೆದು ನೋಡಿದ್ದಾರೆ. 2013ರಲ್ಲಿ ಗಂಡಸರ ಪೈಕಿ ಡ್ರೈವರುಗಳಲ್ಲಿ ಶೇ 9ರ ಹತ್ತಿರ ಜನಕ್ಕೆ ಟೈಪ್ 2 ಶುಗರ್ ಇತ್ತು, ಕಂಪ್ಯೂಟರ್ ಕೆಲಸದವರಲ್ಲಿ ಶೇ 2.5ರ ಸುಮಾರು. ಇಬ್ಬರೂ ಕೂತೇ ಕೆಲಸ ಮಾಡುವವರು ಅನ್ನುವುದು ನೆನಪಿರಲಿ. ಬರೀ ಕೂರುವುದರಿಂದಲೇ ಎಲ್ಲ ಆಗುವುದಿಲ್ಲ.

ಬಸ್ಸಿನವರ ಬಗ್ಗೆಯೇ ಒಂದು ಹಳೇ ಕಥೆ ಹೇಳಬೇಕು. 1953ರಲ್ಲಿ ಲಂಡನ್ನಿನ ಜೆರ‍್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳ ಲೆಕ್ಕ ಪ್ರಕಟಿಸಿದರು. ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರ್‌ಗಳಿಗಿಂತ ಕೂತಿರುತ್ತಿದ್ದ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ. ಜಗತ್ತೇ ವ್ಯಾಯಾಮದ ಮಾತಾಡತೊಡಗಿತು. ಕೆಲ ವರ್ಷದ ಮೇಲೆ ಅದೇ ತಂಡ ಯೂನಿಫಾರ್ಮಿನ ಅಳತೆ ಪುಸ್ತಕ ತೆಗೆದು ನೋಡಿತು. ಕೆಲಸಕ್ಕೆ ಸೇರುವಾಗಲೇ ಡ್ರೈವರ್‌ಗಳ ಪ್ಯಾಂಟಿನ ಸೊಂಟ ದೊಡ್ಡದಿತ್ತು! ಯಾವ ಮೈಕಟ್ಟಿನವರು ಯಾವ ಕೆಲಸಕ್ಕೆ ಸೇರುತ್ತಾರೆ ಅನ್ನುವುದೂ ಲೆಕ್ಕದೊಳಗೆ ನುಸುಳುತ್ತದೆ. ಅದಕ್ಕೇ ಎಲ್ಲವನ್ನೂ ಕೆಲಸದ ತಲೆಗೆ ಕಟ್ಟಲು ನಾನು ಸ್ವಲ್ಪ ಹಿಂಜರಿಯುತ್ತೇನೆ.

ಆದರೆ ಕಾಲಿನ ವಿಷಯದಲ್ಲಿ ಮಾತ್ರ ಹಿಂಜರಿಕೆ ಇಲ್ಲ. ನರ ಸತ್ತ ಕಾಲಿಗೆ ತೋಟದಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಮಳೆಗಾಲದಲ್ಲಿ ನಾಲ್ಕು ತಿಂಗಳು ಕಾಲು ಒದ್ದೆ. ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಉಂಬಳ (ಜಿಗಣೆ) ಕಚ್ಚಿದ ಜಾಗ ಕೆರೆದು ಕೆರೆದು ಗಾಯ. ಗಮ್‌ಬೂಟಿನೊಳಗೆ ಬೆವರು, ಒಳಗೆ ಹರಿದ ಸಾಕ್ಸ್. ಬೇಸಿಗೆಯಲ್ಲಿ ಕಾಫಿ ಕಣದ ಸಿಮೆಂಟು ಕಾದ ಕಾವಲಿಯಂತಿರುತ್ತದೆ. ಬರಿಗಾಲಲ್ಲಿ ಕಾಫಿ ಎಳೆಯುವವರಿಗೆ ಅಂಗಾಲಿನ ತುಂಬ ಬೊಬ್ಬೆ, ಗೊತ್ತಾಗುವುದು ರಾತ್ರಿ ಕಾಲು ತೊಳೆಯುವಾಗ. ಚಳಿಗಾಲದಲ್ಲಿ ಬಚ್ಚಲೊಲೆ ಮುಂದೆ ಕಾಲು ಚಾಚಿ ಕೂರುವುದು ನಮ್ಮ ಕಡೆಯ ಸುಖ. ಮರಗಟ್ಟಿದ ಕಾಲಿಗೆ ಅದೂ ಅಪಾಯವೇ.

ಹೋದ ವರ್ಷ ಒಬ್ಬರು ಬಂದಿದ್ದರು, ಮರಗಸಿ (ನೆರಳಿನ ಮರದ ಕೊಂಬೆ ಸವರುವ) ಕೆಲಸದವರು. ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ಗಾಯ. ಹೇಗಾಯಿತು ಅಂದರೆ ಗೊತ್ತಿಲ್ಲ ಸಾರ್ ಅಂದರು. ಬೂಟು ಬಿಚ್ಚಿ ಕೊಡಿ ಅಂದೆ. ತಲೆಕೆಳಗೆ ಮಾಡಿ ಕೊಡವಿದೆ, ಏನೂ ಬೀಳಲಿಲ್ಲ. ಕೈ ಒಳಗೆ ಹಾಕಿ ತಡವಿದರೆ ಅಟ್ಟೆಗೆ ಅಂಟಿಕೊಂಡು ಒಂದು ಒಣಗಿದ ಕಾಫಿ ಹಣ್ಣು. ಕಲ್ಲಿನ ಹಾಗೆ ಗಟ್ಟಿ. ಎಷ್ಟು ದಿನದಿಂದ ಅದರ ಮೇಲೆ ನಡೆದಿದ್ದರೋ. ಅದನ್ನು ಮೇಜಿನ ಮೇಲಿಟ್ಟಾಗ ಅವರಿಗೆ ನಗುವೋ ಅಳುವೋ ತಿಳಿಯಲಿಲ್ಲ. ನಮಗೆ ನಿಮಗೆ ಅಷ್ಟು ದೊಡ್ಡದು ಕಾಲಿಗೆ ಸಿಕ್ಕರೆ ಹತ್ತು ಹೆಜ್ಜೆ ನಡೆಯಲು ಆಗುವುದಿಲ್ಲ.

ಈ ಪಾಠ ನಮಗೆ ಬಂದಿದ್ದು ಕುಷ್ಠರೋಗದಿಂದ. ವೆಲ್ಲೂರಿನಲ್ಲಿ ಕೆಲಸ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್, ಕುಷ್ಠರೋಗಿಗಳ ಬೆರಳನ್ನು ರೋಗ ತಿಂದುಹಾಕುತ್ತದೆ ಅನ್ನುವ ನಂಬಿಕೆ ತಪ್ಪು ಎಂದು ತೋರಿಸಿದರು. ನೋವು ಗೊತ್ತಾಗದೆ ಮತ್ತೆ ಮತ್ತೆ ಆಗುವ ಪೆಟ್ಟು, ಸುಟ್ಟ ಗಾಯಗಳೇ ಬೆರಳನ್ನು ಕಳೆಯುತ್ತಿದ್ದವು. ಅವರ ಕಾಲದಲ್ಲೇ ಅಲ್ಲಿ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರಿನ ಚಪ್ಪಲಿ ಮಾಡಿದರು. ಇವತ್ತು ಶುಗರ್ ಇರುವವರಿಗೆ ಬರೆದುಕೊಡುವ ಎಂಸಿಆರ್ ಚಪ್ಪಲಿ ಅದೇ. ನೋಡಲು ಅಂದವಿಲ್ಲ, ನಿಜ. ಮದುವೆಮನೆಗೆ ಹಾಕಿಕೊಂಡು ಹೋಗಲು ನಾಚಿಕೆ ಅನ್ನುತ್ತಾರೆ. ಮದುವೆಮನೆಗೆ ಬೇರೆ ಹಾಕಿಕೊಳ್ಳಿ, ತೋಟದಿಂದ ಬಂದ ಮೇಲೆ ಮನೆಯೊಳಗಾದರೂ ಇದನ್ನು ಹಾಕಿ ಅಂತ ರಾಜಿ ಮಾಡಿಕೊಂಡಿದ್ದೇನೆ.

ಅಣ್ಣ ಗುಣವಾಗಿ ಕೆಲಸಕ್ಕೆ ಹೋದ ಮೇಲೆ ಬೂಟು ಹಾಕುವ ಮುಂಚೆ ಕೈ ಹಾಕಿ ತಡವಲೇಬೇಕು. ಕೊಡವಿದರೆ ಸಾಲದು ಅಂತ ಆ ಕಾಫಿ ಹಣ್ಣೇ ಹೇಳಿತಲ್ಲ. ಎರಡು ಜೊತೆ ಹತ್ತಿ ಸಾಕ್ಸ್ ಇಟ್ಟುಕೊಂಡು ಮಧ್ಯಾಹ್ನ ಊಟದ ಹೊತ್ತಿಗೆ ಬದಲಾಯಿಸಬೇಕು. ರಾತ್ರಿ ಕಾಲು ಒರೆಸಿ, ಬೆರಳ ಸಂದಿ ಒಣಗಿಸಿ, ಅಂಗಾಲು ನೋಡಬೇಕು. ಬಗ್ಗಲು ಆಗದಿದ್ದರೆ ಮಕ್ಕಳು ನೋಡಲಿ. ಆಣಿಯನ್ನು ಬ್ಲೇಡಿನಲ್ಲಿ ಕುಯ್ದುಕೊಳ್ಳುವ ಅಭ್ಯಾಸವಿದ್ದರೆ ಬಿಡಬೇಕು. ಈಗಂತೂ ಗಾಯ ಮಾಯುವವರೆಗೆ ನಡೆಯುವಂತಿಲ್ಲ. ತೋಟದ ಮಾಲೀಕರ ಹತ್ತಿರ ಮಾತಾಡಿ ಸ್ವಲ್ಪ ದಿನ ಕೂತು ಮಾಡುವ ಕೆಲಸ ಕೇಳಿ: ತೂಕ ಬರೆಯುವುದು, ಹಾಜರಿ ಹಾಕುವುದು. ನಾನೇ ಎಷ್ಟೋ ಜನಕ್ಕೆ ಹಾಗೆ ಚೀಟಿ ಬರೆದುಕೊಟ್ಟಿದ್ದೇನೆ. ಮೇಸ್ತ್ರಿ ಒಬ್ಬರನ್ನು ಎರಡು ತಿಂಗಳು ಕಣದ ಹತ್ತಿರ ಕೂರಿಸುವುದು ಅವರಿಗೂ ಕಷ್ಟವಲ್ಲ.

ಅಣ್ಣನ ಬಗ್ಗೆ ಇನ್ನೊಂದು ವಿಷಯ. ಇದರಲ್ಲಿ ನನ್ನದೇ ತಪ್ಪು ಒಂದನ್ನು ಹೇಳಿಕೊಳ್ಳಬೇಕು.

ಪ್ರಾಕ್ಟೀಸಿನ ಶುರುವಿನ ವರ್ಷಗಳು. ಜುಲೈ ತಿಂಗಳಲ್ಲಿ ತೋಟದ ಕೆಲಸದ ಹೆಂಗಸೊಬ್ಬರು ಬಂದರು. ಜಡಿಮಳೆ, ವಾರಕ್ಕೆ ಎರಡು ಮೂರು ದಿನವಷ್ಟೇ ಕೆಲಸ. ಶುಗರ್ 260. ಗ್ಲಿಮಿಪಿರೈಡ್ ಮಾತ್ರೆ ಒಂದು ಮಿಲಿಗ್ರಾಂ ಇದ್ದದ್ದನ್ನು ಎರಡು ಮಾಡಿದೆ. ತಿಂಗಳು ಬಿಟ್ಟು ನೋಡಿದರೆ ಚೆನ್ನಾಗಿ ಇಳಿದಿತ್ತು. ಇದೇ ಮುಂದುವರಿಸಿ ಅಂದೆ. ಅವರು ಮಾತು ಕೇಳುವವರು, ಮುಂದುವರಿಸಿದರು. ಜನವರಿಯಲ್ಲಿ ರೋಬಸ್ಟಾ ಕೊಯ್ಲು. ಕೊಯ್ಲಲ್ಲಿ ಕಿಲೋ ಲೆಕ್ಕದ ದುಡ್ಡು, ಜಾಸ್ತಿ ಕೊಯ್ದರೆ ಜಾಸ್ತಿ. ಹಾಗಾಗಿ ಮಧ್ಯಾಹ್ನದ ಊಟ ಮುಂದಕ್ಕೆ ಹೋಗಿದೆ. ಮೂರು ಗಂಟೆಗೆ ಗಿಡದ ಸಾಲಿನಲ್ಲೇ ಬಿದ್ದುಬಿಟ್ಟರು. ಜೀಪಿನಲ್ಲಿ ಹಾಕಿಕೊಂಡು ಬಂದಾಗ ಶುಗರ್ 42. ಡ್ರಿಪ್‌ನಲ್ಲಿ ಗ್ಲೂಕೋಸ್ ಹೋದ ಮೇಲೆ ಕಣ್ಣು ಬಿಟ್ಟು ಅವರು ಕೇಳಿದ ಮೊದಲ ಮಾತು, ನನ್ನ ಚೀಲ ಯಾರು ತೂಕ ಹಾಕಿಸಿದ್ರು?

ಮೈ ಬಗ್ಗಿಸಿ ದುಡಿಯುವಾಗ ಮಾಂಸಖಂಡ ಇನ್ಸುಲಿನ್ನಿನ ದಾರಿ ಕಾಯದೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಕೆಲಸ ನಿಂತ ಮೇಲೂ ಅದರ ಪರಿಣಾಮ ಒಂದು ದಿನದವರೆಗೆ ಇರಬಹುದು. ಮಳೆಗಾಲದ ಡೋಸು ಕೊಯ್ಲಿಗೆ ಸರಿಹೋಗುವುದಿಲ್ಲ ಅನ್ನುವುದು ನನಗೆ ಹೊಳೆಯಬೇಕಿತ್ತು. ಈಗ ತೋಟದವರ ಚೀಟಿಯಲ್ಲಿ ಎರಡು ಡೋಸು ಬರೆಯುತ್ತೇನೆ: ಕೊಯ್ಲಿಗೆ ಒಂದು, ಮಳೆಗೆ ಒಂದು. ಅಣ್ಣನೂ ಡಾಕ್ಟರ ಹತ್ತಿರ ಇದನ್ನು ಕೇಳಲಿ. ಮೇಸ್ತ್ರಿ ಅಂದಮೇಲೆ ಅವರು ಕೊಯ್ಯುವುದಿಲ್ಲ, ಆದರೆ ಕೊಯ್ಲಿನ ದಿನ ಏರು ಹತ್ತಿ ಇಳಿಯುವುದು ಕಡಿಮೆಯೇನಲ್ಲ.

ದಿನವಿಡೀ ನಡೆಯುವವರಿಗೆ ಶುಗರ್ ಯಾಕೆ ಹತೋಟಿಗೆ ಬರುವುದಿಲ್ಲ ಅಂತಲೂ ನಿಮ್ಮ ಮನಸ್ಸಿನಲ್ಲಿ ಇರಬಹುದು. ನಡಿಗೆ ಖಂಡಿತ ಒಳ್ಳೆಯದು. ಆದರೆ ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಕಾಫಿ, ಬೆಟ್ಟದಷ್ಟು ಅನ್ನ, ಜೊತೆಗೆ "ನಾನು ದುಡಿಯುವವನು, ಕರಗುತ್ತೆ ಬಿಡಿ" ಅನ್ನುವ ಧೈರ್ಯ ಸೇರಿದರೆ ನಡಿಗೆ ಒಂದೇ ಏನು ಮಾಡೀತು? ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಬೇರೆ. ಬಿಸಿಲಲ್ಲಿ ಬೆವರಿ, ನೀರು ಕಡಿಮೆ ಕುಡಿದು, ಮೇಲೆ ಈ ಮಾತ್ರೆ ನುಂಗಿದರೆ ಮೊದಲೇ ಸೋತ ಕಿಡ್ನಿಗೆ ದೊಡ್ಡ ಹೊಡೆತ. ತೋಟದ ಹೆಂಗಸರಂತೂ ಶೌಚಾಲಯ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಮುಟ್ಟುವುದಿಲ್ಲ.

ಇನ್ನು ನಿಮ್ಮ ಸೀಟಿಗೆ ಬರೋಣ.

ಡ್ರೈವರ್‌ಗಳ ಶುಗರ್ ಮೇಲೇರುವುದಕ್ಕೆ ಕೂರುವುದರ ಜೊತೆಗೆ ಗಡಿಯಾರವೂ ಕಾರಣ. ಹಳ್ಳಿಯಲ್ಲಿ ನೈಟ್ ಹಾಲ್ಟ್, ರಾತ್ರಿ ಹತ್ತಕ್ಕೆ ಊಟ, ಬಸ್ಸಿನ ಸೀಟಿನ ಮೇಲೇ ನಿದ್ದೆ, ಬೆಳಿಗ್ಗೆ ಐದೂವರೆಗೆ ಮೊದಲ ಟ್ರಿಪ್. ತಿಂಡಿ ಏಳಕ್ಕೋ ಹತ್ತಕ್ಕೋ, ಟ್ರಿಪ್ಪಿನ ಮೇಲೆ. ಮಾತ್ರೆಯ ಡಬ್ಬಿ ಮನೆಯಲ್ಲಿ, ನೀವು ಬಸ್ಸಲ್ಲಿ.

ಮಾತ್ರೆಯ ವಿಷಯದಲ್ಲಿ ಇನ್ನೊಂದು ಗುಟ್ಟಿದೆ, ಡ್ರೈವರ್‌ಗಳು ಡಾಕ್ಟರಿಗೆ ಹೇಳುವುದೇ ಇಲ್ಲ. ಮೆಟ್‌ಫಾರ್ಮಿನ್ ನುಂಗಿದರೆ ಕೆಲವರಿಗೆ ಹೊಟ್ಟೆ ಗುಡುಗುಡು, ಭೇದಿ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ಹಾಗಾಗಿ ಗಂಟೆಗೊಂದು ಸಲ ಇಳಿಯಬೇಕು ಅನ್ನಿಸಬಹುದು. ನಲವತ್ತು ಜನ ಕೂತಿರುವ ಬಸ್ಸನ್ನು ನಿಲ್ಲಿಸಿ ಎಷ್ಟು ಸಲ ಇಳಿಯುತ್ತೀರಿ? ಹಾಗಾಗಿ ಡ್ಯೂಟಿ ದಿನ ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ತಿಂಗಳಲ್ಲಿ ಇಪ್ಪತ್ತೈದು ದಿನ ಡ್ಯೂಟಿ! ಡಾಕ್ಟರು ಚೀಟಿ ನೋಡಿ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ನೀವೂ ಹೀಗೆ ಮಾಡುತ್ತಿದ್ದರೆ ಮುಚ್ಚಿಡಬೇಡಿ. ಮೆಟ್‌ಫಾರ್ಮಿನ್ನಿನಲ್ಲಿ ನಿಧಾನವಾಗಿ ಕರಗುವ ಬಗೆ ಇದೆ, ಹೊಟ್ಟೆಗೆ ಹಗುರ. ಉಳಿದದ್ದಕ್ಕೂ ಹೊತ್ತು ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು.

ಡ್ರೈವರ್‌ಗೆ ನಾನು ಹೆಚ್ಚು ಹೆದರುವುದು ಲೋ ಶುಗರ್‌ಗೆ. ಮೇಲೇರಿದ ಶುಗರ್ ವರ್ಷಗಳಲ್ಲಿ ಕೆಡಿಸುತ್ತದೆ, ಕೆಳಗಿಳಿದದ್ದು ಹತ್ತು ನಿಮಿಷದಲ್ಲಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕೈ ನಡುಗಿ ಕಣ್ಣು ಮಂಜಾದರೆ ನಿಮ್ಮೊಬ್ಬರ ಪ್ರಶ್ನೆಯಲ್ಲ. ನಿಮ್ಮ ಚೀಟಿಯಲ್ಲಿ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ಇದ್ದರೆ ಈ ಅಪಾಯ ಇದೆ. ಬರೀ ಮೆಟ್‌ಫಾರ್ಮಿನ್ ಇದ್ದರೆ ಬಹಳ ಕಡಿಮೆ. ಬ್ರಿಟನ್‌ನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಡ್ರೈವರ್‌ಗಳಿಗೆ ಸ್ಟೀರಿಂಗ್ ಹಿಡಿಯುವ ಮೊದಲೊಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ ಶುಗರ್ ನೋಡಿಕೊಳ್ಳಲು ಹೇಳುತ್ತಾರೆ. 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಹೊರಡಬೇಕು. 70ರ ಕೆಳಗೆ ಹೋದರೆ ಬಸ್ಸು ಪಕ್ಕಕ್ಕೆ, ಕೀ ಹೊರಗೆ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಹೋದ ಮೇಲೂ ತಲೆ ಪೂರ್ತಿ ತಿಳಿಯಾಗಲು ಮುಕ್ಕಾಲು ಗಂಟೆ ಬೇಕು, ಅಲ್ಲಿಯವರೆಗೆ ಬಸ್ಸು ಮುಟ್ಟಬೇಡಿ. ಸಕ್ಕರೆ ಪೊಟ್ಟಣ ಕೈಗೆ ಸಿಗುವಂತಿರಲಿ. ನಿಮಗೆ ಶುಗರ್ ಇದೆ ಅಂತ ಕಂಡಕ್ಟರಿಗೂ ಗೊತ್ತಿರಲಿ. ಬೆವರುತ್ತಾ ತೊದಲುವ ಡ್ರೈವರನ್ನು ನೋಡಿ ಕುಡಿದಿದ್ದಾನೆ ಅಂದುಕೊಂಡವರು ಬೇಕಾದಷ್ಟು ಜನ.

ಕಣ್ಣಿನ ಬಗ್ಗೆ: ಮೊದಲ ಹಂತದಲ್ಲಿ ಪರದೆಯ ಮೇಲೆ ಸಣ್ಣ ಕೆಂಪು ಚುಕ್ಕೆಗಳಷ್ಟೇ ಇರುತ್ತವೆ, ನೋಟಕ್ಕೆ ಏನೂ ಆಗಿರುವುದಿಲ್ಲ. ನೋಟ ಚೆನ್ನಾಗಿದೆ, ಲೋ ಶುಗರ್ ಆಗುತ್ತಿಲ್ಲ, ಕಣ್ಣಿನ ಡಾಕ್ಟರು ಬೇಡ ಅಂದಿಲ್ಲ ಅಂದರೆ ಡ್ರೈವಿಂಗ್ ಬಿಡಬೇಕಾಗಿಲ್ಲ. ಆದರೆ ಅವರು ಹೇಳಿದ ತಾರೀಖಿಗೆ ಮತ್ತೆ ತೋರಿಸುವುದನ್ನು ತಪ್ಪಿಸಬೇಡಿ. ತೊಂದರೆ ಮುಂದುವರಿದು ಜಾಸ್ತಿ ಲೇಸರ್ ಬೇಕಾಗುವ ಮಟ್ಟಕ್ಕೆ ಹೋದರೆ ಕಣ್ಣು ಉಳಿಯುತ್ತದೆ, ಆದರೆ ಪಕ್ಕದ ನೋಟ, ರಾತ್ರಿಯ ನೋಟ ಸ್ವಲ್ಪ ಕುಗ್ಗಬಹುದು. ಆಫೀಸಿನವರಿಗೆ ಅದು ಅಷ್ಟಾಗಿ ತಿಳಿಯದೇ ಹೋಗಬಹುದು. ಎದುರಿನ ಲಾರಿಯ ಲೈಟು ಮುಖಕ್ಕೆ ಹೊಡೆಯುವ ನಿಮ್ಮ ಕೆಲಸದಲ್ಲಿ ಅದೇ ಎಲ್ಲ. ಇನ್ನೊಂದು, ಹೆದರಿ ಊಟ ಬಿಟ್ಟು ಒಂದೇ ತಿಂಗಳಲ್ಲಿ ಶುಗರ್ ಧಡಾರನೆ ಇಳಿಸಲು ಹೋಗಬೇಡಿ. ತುಂಬಾ ಬೇಗ ಇಳಿದರೆ ಕಣ್ಣಿನ ತೊಂದರೆ ಕೆಲವರಲ್ಲಿ ಸ್ವಲ್ಪ ಕಾಲ ಹೆಚ್ಚಾಗುವುದುಂಟು. ನಿಧಾನವಾಗಿ, ಡಾಕ್ಟರ ಲೆಕ್ಕದಲ್ಲಿ ಇಳಿಯಲಿ. ಬಿಪಿಯನ್ನೂ 130/80ರ ಒಳಗೆ ತನ್ನಿ, ಕಣ್ಣಿಗೆ ಅದೂ ಅಷ್ಟೇ ಮುಖ್ಯ.

ಇನ್ಸುಲಿನ್ ಶುರುವಾಗಿದ್ದರೆ ಬಾಟಲಿಯನ್ನು ಡ್ಯಾಶ್‌ಬೋರ್ಡಿನಲ್ಲಿ, ಇಂಜಿನ್ ಪಕ್ಕ ಇಡಬೇಡಿ. ತೆರೆದ ಬಾಟಲಿ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಬರುತ್ತದೆ, ಬಿಸಿಯಲ್ಲಿ ಸತ್ತುಹೋಗುತ್ತದೆ. ರಾತ್ರಿಯಿಡೀ ಒಲೆ ಮುಂದೆ ನಿಲ್ಲುವ ಬೇಕರಿಯವರಿಗೂ ಇದನ್ನೇ ಹೇಳುತ್ತೇನೆ. ರಾತ್ರಿ ಪಾಳಿಯ ಗಾರ್ಮೆಂಟ್ಸ್, ಸೆಕ್ಯೂರಿಟಿ, ನರ್ಸ್ ಕೆಲಸದವರ ಕಥೆ ಬೇರೆ ದೊಡ್ಡದು, ಇನ್ನೊಮ್ಮೆ ಬರೆಯುತ್ತೇನೆ.

ನಿಮಗೂ ಅಣ್ಣನಿಗೂ ಬೇಕಾದ ಪರೀಕ್ಷೆಗಳು ಒಂದೇ. ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಕಿಡ್ನಿ ಹೇಗಿದೆ ಅಂತ ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, ಪಾದದ ಸ್ಪರ್ಶ. ನಿಮಗೆ ತೊಂದರೆ ಶುರುವಾಗಿರುವ ಕಣ್ಣು, ಅವರಿಗೆ ಕಾಲು ಅದಕ್ಕಿಂತ ಬೇಗ ಬೇಗ ನೋಡಬೇಕಾಗುತ್ತದೆ. ಸ್ಪರ್ಶದ ಪರೀಕ್ಷೆಗೆ ಒಂದು ನೈಲಾನ್ ಎಳೆ ಸಾಕು. ಕಣ್ಣು ಮುಚ್ಚಿಸಿ ಪಾದಕ್ಕೆ ಒತ್ತುತ್ತೇವೆ, ಎಳೆ ಬಗ್ಗುವ ಹೊತ್ತಿಗೆ ಹತ್ತು ಗ್ರಾಂ ಒತ್ತಡ ಬಿದ್ದಿರುತ್ತದೆ. ಮುಟ್ಟಿದ್ದು ಗೊತ್ತಾಯಿತಾ ಅಂತ ಕೇಳುತ್ತೇವೆ. ಎರಡು ನಿಮಿಷದ ಕೆಲಸ. "ನನ್ನ ಕಾಲು ಚೆನ್ನಾಗಿದೆ" ಎಂದು ಬರೆದಿದ್ದೀರಿ, ಅದನ್ನು ಆ ಎಳೆ ಹೇಳಲಿ. ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ನೋಡಿ ಮಾತ್ರೆಯನ್ನೂ ಉಚಿತವಾಗಿ ಕೊಡುತ್ತಾರೆ.

ಹೋಗುವಾಗ ಒಂದು ಹಾಳೆಯಲ್ಲಿ ನಿಮ್ಮ ಒಂದು ದಿನವನ್ನು ಗಂಟೆ ಹಾಕಿ ಬರೆದುಕೊಂಡು ಹೋಗಿ. ಎಷ್ಟೊತ್ತಿಗೆ ಎದ್ದಿರಿ, ಮೊದಲ ಟ್ರಿಪ್ ಯಾವಾಗ, ತಿಂಡಿ ಎಲ್ಲಿ, ಯಾವ ಮಾತ್ರೆ ಬಿಟ್ಟಿರಿ. ಅಣ್ಣನದು ಎರಡು ಹಾಳೆ, ಮಳೆಗಾಲದ್ದು ಒಂದು, ಕೊಯ್ಲಿನದ್ದು ಒಂದು. ನಮ್ಮ ಓಪಿಡಿಯಲ್ಲಿ ಏನು ತಿನ್ನುತ್ತೀರಿ ಅಂತ ಎಲ್ಲರನ್ನೂ ಕೇಳುತ್ತೇವೆ, ಏನು ಕೆಲಸ ಅಂತ ಕೇಳಲು ಮರೆಯುತ್ತೇವೆ. ನೀವೇ ಮುಂದಾಗಿ ಹಾಳೆ ಮೇಜಿನ ಮೇಲಿಡಿ.

ಅಣ್ಣನ ಗಾಯಕ್ಕೆ ಹೋಗುವ ದಿನವೇ ಅವರ ಕಣ್ಣೂ ತೋರಿಸಿಬಿಡಿ. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ನಿಮಗೂ ಹಾಕಬಹುದು. ಹಾಗಾಗಿ ಆ ದಿನ ರಜೆ ಹಾಕಿ, ಬೈಕೂ ಬೇಡ. ಬೇರೆಯವರು ಓಡಿಸುವ ಬಸ್ಸಿನಲ್ಲಿ ಹಿಂದಿನ ಸೀಟಲ್ಲಿ ಕೂತು ಬನ್ನಿ, ಅಣ್ಣನ ಕಾಲನ್ನು ಎದುರಿನ ಬ್ಯಾಗಿನ ಮೇಲೆ ಎತ್ತಿ ಇಡಿಸಿ.